ಎಮ್ಮೆಗೆ ಎಳೆದ ಬರೆ

2016ರ ಮಳೆಗಾಲದ ಒಂದು ಸಂಜೆ ನನ್ನ ಲ್ಯಾಪ್‌ಟಾಪ್ ಇದ್ದಕ್ಕಿದ್ದ ಹಾಗೆ ಆರಿಹೋಯಿತು. ಕೊಂಡು ನಾಲ್ಕು ವರ್ಷವಾಗಿತ್ತು. ಬ್ಯಾಟರಿ ಎಂದೋ ಕೈಕೊಟ್ಟಿದ್ದರಿಂದ ಸದಾ ಚಾರ್ಜರ್ ಸಿಕ್ಕಿಸಿಕೊಂಡೇ ಕೆಲಸ ಮಾಡುತ್ತಿದ್ದೆ. ಬಟನ್ ಒತ್ತಿದರೆ ಒಮ್ಮೊಮ್ಮೆ ದೀಪ ಹತ್ತುತ್ತಿತ್ತು, ಫ್ಯಾನು ಎರಡು ಸುತ್ತು ತಿರುಗಿ ನಿಲ್ಲುತ್ತಿತ್ತು. ಪರದೆ ಮಾತ್ರ ಕಪ್ಪು.

ನಮ್ಮ ಬಡಾವಣೆಯ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ತಳದ ಸ್ಕ್ರೂಗಳನ್ನೆಲ್ಲ ಬಿಚ್ಚಿ, ಮದರ್‌ಬೋರ್ಡಿನ ನಡುವೆ ಇದ್ದ ದೊಡ್ಡ ಚಿಪ್ಪಿನ ಮೇಲೆ ಹೆಬ್ಬೆರಳಿಟ್ಟು ಬಲವಾಗಿ ಒತ್ತಿ, ಇನ್ನೊಂದು ಕೈಯಿಂದ ಬಟನ್ ಅದುಮಿದ. ಲ್ಯಾಪ್‌ಟಾಪ್ ಎದ್ದು ಕೂತಿತು. 'ನೋಡಿದ್ರಾ ಮೇಡಂ, ಚಿಪ್ ಬೆಸುಗೆ ಬಿಟ್ಟಿದೆ. ರೀಬಾಲಿಂಗ್ ಮಾಡ್ಬೇಕು' ಅಂದ. ಕಣ್ಣಾರೆ ಕಂಡ ಮೇಲೆ ಅನುಮಾನ ಎಲ್ಲಿಂದ ಬರಬೇಕು? ಮೂರೂವರೆ ಸಾವಿರ ಕೊಟ್ಟೆ. ಚಿಪ್ಪನ್ನು ಬಿಸಿಗಾಳಿಯಲ್ಲಿ ಕಾಯಿಸಿ ಎಬ್ಬಿಸಿ, ಹೊಸ ಬೆಸುಗೆ ಹಾಕಿ ಕೂರಿಸಿದ. ಮೂರು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಮತ್ತೆ ಅದೇ ಕಪ್ಪು ಪರದೆ. 'ಇದಕ್ಕೆ ಇನ್ನು ದುಡ್ಡು ಹಾಕ್ಬೇಡಿ ಮೇಡಂ, ಹೊಸದು ತಗೊಳ್ಳಿ' ಅಂದುಬಿಟ್ಟ.

ಹೊಸದು ಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಯಾರೋ ಹೇಳಿದರೆಂದು ಎಸ್.ಪಿ. ರೋಡಿನ ಒಂದು ಕಟ್ಟಡದ ಮಹಡಿ ಹತ್ತಿದೆ. ಅಲ್ಲಿದ್ದ ಹಿರಿಯರು ರೇಡಿಯೋ, ಟೀವಿ ರಿಪೇರಿಯ ಕಾಲದಿಂದ ಬಂದವರು. ಅವರು ಲ್ಯಾಪ್‌ಟಾಪನ್ನು ಬಿಚ್ಚಲೇ ಇಲ್ಲ. ಮೊದಲು ಚಾರ್ಜರಿನ ತುದಿಗೆ ಮೀಟರ್ ಹಿಡಿದು 19 ವೋಲ್ಟ್ ಬರುತ್ತಿದೆ ಎಂದು ಖಾತ್ರಿ ಮಾಡಿಕೊಂಡರು. ಪಿನ್ನನ್ನು ಸಿಕ್ಕಿಸಿ ಮೆಲ್ಲಗೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ ಅಲ್ಲಾಡಿಸಿದರು. ದೀಪ ಹತ್ತಿತು, ಆರಿತು, ಹತ್ತಿತು. 'ವೈರು ಕಾಲಿಗೆ ಸಿಕ್ಕಿ ಎಳೆದಾಡಿದೆಯೇನಮ್ಮಾ?' ಎಂದು ಕೇಳಿದರು. ಮನೆಯಲ್ಲಿ ಐದು ವರ್ಷದ ಮಗುವಿತ್ತು. ದಿನಕ್ಕೊಮ್ಮೆಯಾದರೂ ಎಡವುತ್ತಿತ್ತು.

ಆಮೇಲೆ ಬಿಚ್ಚಿದರು. ಚಾರ್ಜರ್ ಪಿನ್ನು ಕೂರುವ ಜ್ಯಾಕಿನ ಒಂದು ಕಾಲಿನ ಸುತ್ತ, ಭೂತಗನ್ನಡಿಯಲ್ಲಿ ನೋಡಿದರೆ ಮಾತ್ರ ಕಾಣುವಂಥ, ಉಂಗುರದಂತಹ ಬಿರುಕು. ಹಳೆಯ ಬೆಸುಗೆ ತೆಗೆದು ಹೊಸದು ಹಾಕಲು ಎರಡು ನಿಮಿಷ ಹಿಡಿಯಿತು. ಮುನ್ನೂರು ರೂಪಾಯಿ. 'ಚಿಪ್ಪಿಗೇನೂ ಆಗಿರಲಿಲ್ಲ. ಅದನ್ನ ಒತ್ತಿದಾಗ ಬೋರ್ಡು ಬಗ್ಗಿ ಇಲ್ಲಿನ ಬಿರುಕು ಕೂಡಿಕೊಳ್ತಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಗಿದೆ' ಎಂದು ನಕ್ಕರು.

ಬಡಾವಣೆಯ ಹುಡುಗನ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಮೋಸ ಮಾಡಿದ ಅಂದುಕೊಂಡೆ. ಆದರೆ ಅವನು ಬೆರಳಿಟ್ಟು ಒತ್ತಿದ ರೀತಿಯಲ್ಲಿ ಒಂದು ಖಚಿತತೆ ಇತ್ತು. ಅದನ್ನು ಯಾರೋ ಅವನಿಗೆ ಕಲಿಸಿದ್ದರು. ಅವರಿಗೆ ಕಲಿಸಿದವರು ಯಾರು? ಸತ್ತ ಲ್ಯಾಪ್‌ಟಾಪ್ ಎಂದರೆ 'ಚಿಪ್ಪೇ ಹೋಗಿದೆ' ಎಂಬ ಮಾತು ರಿಪೇರಿಯ ಜಗತ್ತಿನಲ್ಲಿ ಹುಟ್ಟಿದ್ದು ಎಲ್ಲಿ? ಹುಡುಕುತ್ತ ಹೋದಾಗ ತೆರೆದುಕೊಂಡದ್ದು ಬೆಸುಗೆಯ ಚರಿತ್ರೆ.

*

ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಸೀಸ 327ರಲ್ಲಿ. ಆದರೆ 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆಸಿದರೆ ಆ ಮಿಶ್ರಣ 183 ಡಿಗ್ರಿಗೇ ಕರಗುತ್ತದೆ. ಎರಡಕ್ಕಿಂತಲೂ ಬೇಗ ಕರಗುವ ಮೂರನೆಯದು. ಬೆರಕೆಯಿಂದ ಕರಗುವ ಶಾಖ ಇಳಿಯುತ್ತದೆ ಎಂಬ ಈ ಗುಟ್ಟು ಹಳೆಯದು. ರೋಮನ್ನರು ನೀರಿನ ಕೊಳವೆಗಳನ್ನು ತವರ ಮತ್ತು ಸೀಸದ ಮಿಶ್ರಣದಿಂದ ಬೆಸೆಯುತ್ತಿದ್ದರು. ಒಂದನೆಯ ಶತಮಾನದ ಪ್ಲಿನಿ ಅದರ ಪ್ರಮಾಣವನ್ನೂ ಬರೆದಿಟ್ಟಿದ್ದಾನೆ.

ನಮ್ಮಲ್ಲಿ ಇದೇ ವಿದ್ಯೆಯ ಹತ್ತಿರದ ಬಂಧು ಕಲಾಯಿ. ಊರಿನ ಅರಳಿಕಟ್ಟೆಯ ಬಳಿ ತಿದಿ ಹೂಡಿ ಕೂರುತ್ತಿದ್ದ ಕಲಾಯಿಯವರನ್ನು ಕಂಡವರು ಇನ್ನೂ ಇದ್ದಾರೆ. ತಾಮ್ರದ ಹಂಡೆಯನ್ನು ಚೆನ್ನಾಗಿ ಕಾಯಿಸಿ, ನವಸಾಗರದ ಪುಡಿ ಎರಚಿದರೆ ಬಿಳಿಯ ಹೊಗೆ ಏಳುತ್ತಿತ್ತು. ಅದರ ಹಿಂದೆಯೇ ತವರದ ಕಡ್ಡಿ ತಾಕಿಸಿ, ಹತ್ತಿಯಿಂದ ಸರ್ರನೆ ಒರೆಸಿದರೆ ಹಂಡೆಯ ಒಳಮೈ ಬೆಳ್ಳಿಯಾಗುತ್ತಿತ್ತು. ಆ ನವಸಾಗರದ ಕೆಲಸವೇನು? ಕಾದ ತಾಮ್ರದ ಮೇಲೆ ಗಾಳಿಯ ಆಮ್ಲಜನಕ ಕಟ್ಟುವ ಕಿಲುಬನ್ನು ಅದು ತೆಗೆದುಹಾಕುತ್ತದೆ. ಕಿಲುಬಿನ ಮೇಲೆ ತವರ ನಿಲ್ಲುವುದಿಲ್ಲ. ರಿಪೇರಿ ಅಂಗಡಿಯಲ್ಲಿ ಬೆಸುಗೆಗೆ ಮುಂಚೆ ಹಚ್ಚುವ ಪೇಸ್ಟಿನ ಕೆಲಸವೂ ಅದೇ.

ಬೆಸುಗೆ ಎಂದರೆ ಅಂಟು ಎಂದು ನಾವು ತಿಳಿಯುತ್ತೇವೆ. ಅದು ಅಂಟಲ್ಲ. ಕರಗಿದ ತವರ ತಾಮ್ರವನ್ನು ಮುಟ್ಟಿದ ಕಡೆ ಎರಡೂ ಸೇರಿ ತೀರಾ ತೆಳುವಾದ ಹೊಸದೊಂದು ಪದರ ಹುಟ್ಟುತ್ತದೆ. ಬೆಸುಗೆಯನ್ನು ಹಿಡಿದಿಡುವುದು ಆ ಪದರ. ಅದು ಗಟ್ಟಿ, ಆದರೆ ಬಗ್ಗುವ ಗುಣ ಕಡಿಮೆ. ಮತ್ತೆ ಮತ್ತೆ ಎಳೆದಾಡಿದರೆ ಅಥವಾ ಕಾಯಿಸಿ ತಣಿಸುತ್ತಿದ್ದರೆ ಬೆಸುಗೆ ದಣಿಯುತ್ತದೆ, ಕೂದಲೆಳೆಯ ಬಿರುಕು ಬಿಡುತ್ತದೆ. ನನ್ನ ಲ್ಯಾಪ್‌ಟಾಪಿನ ಜ್ಯಾಕಿಗೆ ಆದದ್ದು ಎಳೆದಾಟದ ದಣಿವು.

ಇಪ್ಪತ್ತನೆಯ ಶತಮಾನದ ಇಲೆಕ್ಟ್ರಾನಿಕ್ಸ್ ಪೂರ್ತಿ ನಿಂತದ್ದು ತವರ ಮತ್ತು ಸೀಸದ ಈ ಬೆಸುಗೆಯ ಮೇಲೆ. ಬೆಂಗಳೂರಿಗಂತೂ ಅದು ಮನೆಯ ವಿದ್ಯೆ. 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯಲ್ಲಿ ಟೆಲಿಫೋನುಗಳು, 1954ರಲ್ಲಿ ಹುಟ್ಟಿದ ಬಿಇಎಲ್‌ನಲ್ಲಿ ರೇಡಿಯೋ ಸಲಕರಣೆಗಳು ತಯಾರಾದವು. ಸಾಫ್ಟ್‌ವೇರಿನ ಊರು ಎನ್ನಿಸಿಕೊಳ್ಳುವ ಎಷ್ಟೋ ಮೊದಲೇ ಈ ಊರಿನ ಕೈಗಳಿಗೆ ಬೆಸುಗೆಯ ಕಡ್ಡಿ ಗೊತ್ತಿತ್ತು.

ಆ ಕಾಲದ ಬೋರ್ಡುಗಳಿಗೆ ಒಂದು ಒಳ್ಳೆಯ ಗುಣವಿತ್ತು. ಪ್ರತಿ ಭಾಗದ ಕಾಲೂ ಬೋರ್ಡಿನ ತೂತಿನಲ್ಲಿ ಇಳಿದು ಆಚೆ ಕಡೆ ಬೆಸುಗೆಯಾಗಿ ಕಾಣುತ್ತಿತ್ತು. ಕಣ್ಣಿಟ್ಟು ನೋಡಬಹುದಿತ್ತು, ಮೀಟರಿನ ಕಡ್ಡಿ ತಾಗಿಸಬಹುದಿತ್ತು. ನಕ್ಷೆಯೂ ಸಿಗುತ್ತಿತ್ತು. ಐಬಿಎಂ 1981ರಲ್ಲಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಜೊತೆಗೆ ಮಾರಿದ ತಾಂತ್ರಿಕ ಕೈಪಿಡಿಯಲ್ಲಿ ಯಂತ್ರದ ಪೂರ್ತಿ ಸರ್ಕ್ಯೂಟ್ ನಕ್ಷೆ ಅಚ್ಚಾಗಿತ್ತು. ಯಂತ್ರವನ್ನು ಎಬ್ಬಿಸುವ ಬಯಾಸ್ ತಂತ್ರಾಂಶವೂ ಸಾಲುಸಾಲಾಗಿ ಅಚ್ಚಾಗಿತ್ತು. ಕೊಂಡವನಿಗೆ ಒಳಗೇನಿದೆ ಎಂದು ತಿಳಿಯುವುದು ಸಹಜವೆಂದು ಮಾರಿದವನೂ ಒಪ್ಪಿದ್ದ ಕಾಲ ಅದು.

*

ಯಂತ್ರ ಮಡಿಲಿಗೆ ಬರುವಷ್ಟು ಚಿಕ್ಕದಾಗುತ್ತ ಹೋದಂತೆ ಬೆಸುಗೆ ಮರೆಗೆ ಸರಿಯಿತು. ಚಿಪ್ಪಿನ ಅಂಚಿನಲ್ಲಿ ಸಾಲಾಗಿ ನಿಲ್ಲುತ್ತಿದ್ದ ಕಾಲುಗಳು ಸಾಲದಾದವು. ಅವುಗಳ ಬದಲು ಚಿಪ್ಪಿನ ಹೊಟ್ಟೆಯ ಕೆಳಗೆ ನೂರಾರು ಬೆಸುಗೆಯ ಗುಂಡುಗಳನ್ನಿಟ್ಟು ಕೂರಿಸುವ ಪದ್ಧತಿ ಬಂತು. ಅದನ್ನೇ ಅಂಗಡಿಗಳಲ್ಲಿ ಬಿಜಿಎ ಎನ್ನುತ್ತಾರೆ. ಸಾಸಿವೆಗಿಂತ ಸಣ್ಣ ಈ ಗುಂಡುಗಳು ಚಿಪ್ಪು ಮತ್ತು ಬೋರ್ಡಿನ ನಡುವೆ ಅಡಗಿರುತ್ತವೆ. ಎಕ್ಸ್‌ರೇ ಇಲ್ಲದೆ ನಡುವಿನ ಗುಂಡುಗಳ ಸ್ಥಿತಿ ತಿಳಿಯದು.

ನಾವು ಚಿಪ್ಪು ಎಂದು ಕರೆಯುವುದು ಎರಡು ಅಂತಸ್ತಿನ ಮನೆ. ಮೇಲಂತಸ್ತಿನಲ್ಲಿರುವುದು ಹೊಳೆಯುವ ಸಿಲಿಕಾನಿನ ಬಿಲ್ಲೆ. ಅದು ಒಂದು ಚಿಕ್ಕ ಹಸಿರು ಹಲಗೆಯ ಮೇಲೆ ಅತಿ ಸಣ್ಣ ಬೆಸುಗೆಯ ಉಬ್ಬುಗಳ ಮೂಲಕ ಕೂತಿರುತ್ತದೆ. ಈ ವಿಧಾನ 1960ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು. ಆ ಹಸಿರು ಹಲಗೆ ಮತ್ತೆ ಮೊದಲು ಹೇಳಿದ ಗುಂಡುಗಳ ಮೂಲಕ ಮದರ್‌ಬೋರ್ಡಿನ ಮೇಲೆ ಕೂತಿರುತ್ತದೆ. ಅಂದರೆ ಬೆಸುಗೆ ಎರಡು ಕಡೆ ಇದೆ: ಬಿಲ್ಲೆಯ ಕೆಳಗೆ ಒಂದು, ಹಲಗೆಯ ಕೆಳಗೆ ಇನ್ನೊಂದು. ಬಿಸಿಗೆ ಸಿಲಿಕಾನ್ ಹಿಗ್ಗುವುದು ಕಡಿಮೆ, ಹಲಗೆ ಹಿಗ್ಗುವುದು ಅದರ ಹಲವು ಪಟ್ಟು. ಲ್ಯಾಪ್‌ಟಾಪ್ ಹಚ್ಚಿದಾಗಲೆಲ್ಲ ಇವೆರಡೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುತ್ತವೆ, ಆರಿಸಿದಾಗ ಕುಗ್ಗುತ್ತವೆ. ನಡುವೆ ಸಿಕ್ಕಿ ಎಳೆಸಿಕೊಳ್ಳುವುದು ಬೆಸುಗೆ. ಉಬ್ಬುಗಳಿಗೆ ಆಸರೆಯಾಗಲೆಂದು ಸಂದಿನಲ್ಲಿ ಒಂದು ಬಗೆಯ ಅಂಟನ್ನು ತುಂಬುತ್ತಾರೆ. ಚಿಪ್ಪು ಕಾದಾಗ ಆ ಅಂಟೇ ಮೆತ್ತಗಾಗುವಂಥದ್ದಾದರೆ ಆಸರೆ ತಪ್ಪಿ ಭಾರವೆಲ್ಲ ಉಬ್ಬುಗಳ ಮೇಲೆ ಬೀಳುತ್ತದೆ.

ಇದೇ ಹೊತ್ತಿಗೆ ಬೆಸುಗೆಯ ಸೀಸಕ್ಕೆ ಕಾನೂನು ತಡೆ ಹಾಕಿತು. ಕಲಾಯಿಯ ತವರದಲ್ಲಿ ಸೀಸ ಬೆರೆಸಿದರೆ ಅನ್ನ ವಿಷವಾಗುತ್ತದೆ. ಎಸೆದ ಕಂಪ್ಯೂಟರುಗಳ ವಿಷಯದಲ್ಲೂ ಹಾಗೆಯೇ. ಬೋರ್ಡುಗಳನ್ನು ಸುಟ್ಟಾಗ, ಗುಂಡಿಗೆ ಹಾಕಿದಾಗ ಸೀಸ ಗಾಳಿಗೆ, ಮಣ್ಣಿಗೆ, ನೀರಿಗೆ ಸೇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಹಾಗಾಗಿ ಯುರೋಪಿಯನ್ ಒಕ್ಕೂಟ 2006ರ ಜುಲೈ 1ರಿಂದ ಹೊಸ ಇಲೆಕ್ಟ್ರಾನಿಕ್ ವಸ್ತುಗಳಲ್ಲಿ ಸೀಸವನ್ನು ಶೇಕಡಾ 0.1ಕ್ಕೆ ಮಿತಿಗೊಳಿಸಿತು. ಭಾರತದಲ್ಲಿ ಇಂಥ ಮಿತಿಗಳನ್ನು ಒಳಗೊಂಡ ಇ-ತ್ಯಾಜ್ಯ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು. ಸೀಸದ ಜಾಗಕ್ಕೆ ತವರ, ಬೆಳ್ಳಿ, ತಾಮ್ರಗಳ ಮಿಶ್ರಣ ಬಂತು. ಅದು ಕರಗುವುದು ಸುಮಾರು 217 ಡಿಗ್ರಿಯಲ್ಲಿ. ಕಾರ್ಖಾನೆಗಳು ಕುಲುಮೆಯ ಶಾಖ ಏರಿಸಿ, ಹೊಸ ಲೋಹದ ಸ್ವಭಾವ ಕಲಿಯಬೇಕಾಯಿತು.

ಕಾನೂನು ಜಾರಿಯಾದ ಒಂದೆರಡು ವರ್ಷದಲ್ಲೇ ಯಂತ್ರಗಳು ಸಾಲಾಗಿ ಸಾಯತೊಡಗಿದವು.

*

2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360 ಆಟದ ಯಂತ್ರದ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ರಿಪೇರಿಗೆಂದೇ 105 ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ಮುಂಭಾಗದಲ್ಲಿ ಮೂರು ಕೆಂಪು ದೀಪ ಹತ್ತಿ ಯಂತ್ರ ನಿಂತುಹೋಗುತ್ತಿತ್ತು. ಮರುವರ್ಷ ಲ್ಯಾಪ್‌ಟಾಪುಗಳ ಸರದಿ. 2008ರ ಜುಲೈ 2ರಂದು ಎನ್‌ವಿಡಿಯಾ ಕಂಪನಿ, ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ವಿಪರೀತ ಪ್ರಮಾಣದಲ್ಲಿ ಕೆಡುತ್ತಿವೆಯೆಂದು ಒಪ್ಪಿ, ಆ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ಬೇಕಾಗುತ್ತದೆಂದು ಪ್ರಕಟಿಸಿತು. ಬಿಲ್ಲೆ ಮತ್ತು ಅದರ ಪ್ಯಾಕೇಜಿಗೆ ಬಳಸಿದ ಸಾಮಗ್ರಿ ದುರ್ಬಲವಾಗಿತ್ತು ಎಂಬುದು ಕಂಪನಿಯೇ ಕೊಟ್ಟ ಕಾರಣ. ಎಚ್‌ಪಿ, ಡೆಲ್ ಕಂಪನಿಗಳು ಫ್ಯಾನು ಹೆಚ್ಚು ತಿರುಗುವಂತೆ ಬಯಾಸ್ ಬದಲಿಸಿ ಕೊಟ್ಟವು. ಅದೇ ಅಕ್ಟೋಬರಿನಲ್ಲಿ ಆಪಲ್ ತನ್ನ ಕೆಲವು ಮ್ಯಾಕ್‌ಬುಕ್ ಪ್ರೊಗಳಲ್ಲೂ ಈ ತೊಂದರೆ ಇದೆಯೆಂದು ಒಪ್ಪಿ ಉಚಿತ ರಿಪೇರಿ ಘೋಷಿಸಿತು. ಅಮೆರಿಕದಲ್ಲಿ ಗ್ರಾಹಕರು ಹೂಡಿದ ಮೊಕದ್ದಮೆ 2010ರಲ್ಲಿ ಒಪ್ಪಂದದಲ್ಲಿ ಮುಗಿಯಿತು.

ಆ ಒಪ್ಪಂದಗಳ ನೆರಳಿಗೆ ಬಾರದವರು ಜಗತ್ತಿನ ತುಂಬ ಇದ್ದರು. ವಾರಂಟಿ ಮುಗಿದವರು, ಹಳೆಯದನ್ನು ಕೊಂಡವರು, ಬೇರೆ ದೇಶದಲ್ಲಿದ್ದವರು. ಅವರೆಲ್ಲ ಬೀದಿಯ ಅಂಗಡಿಗೆ ಬಂದರು. ಅಲ್ಲಿ ಒಂದು ವಿಚಿತ್ರ ಕಂಡಿತು: ಸತ್ತ ಚಿಪ್ಪಿಗೆ ಶಾಖ ಕೊಟ್ಟರೆ ಅದು ಬದುಕುತ್ತದೆ. ಕೆಲವರು ಎಕ್ಸ್‌ಬಾಕ್ಸನ್ನು ಟವೆಲ್ಲಿನಲ್ಲಿ ಸುತ್ತಿ ತಾನಾಗಿಯೇ ಕಾಯಲು ಬಿಟ್ಟರು. ಕೆಲವರು ಬೋರ್ಡನ್ನು ಅಡುಗೆಮನೆಯ ಓವನ್ನಿನಲ್ಲಿಟ್ಟು ಬೇಯಿಸಿದರು. ಬಲ್ಲವರು ಬಿಸಿಗಾಳಿಯ ಯಂತ್ರ ತಂದು ಚಿಪ್ಪನ್ನು ಎಬ್ಬಿಸಿ, ಕೆಳಗಿನ ಸೀಸವಿಲ್ಲದ ಗುಂಡುಗಳನ್ನು ಒರೆಸಿ, ಸೀಸದ ಗುಂಡುಗಳನ್ನಿಟ್ಟು ಮತ್ತೆ ಕೂರಿಸಿದರು. ಇದೇ ರೀಬಾಲಿಂಗ್. ಯಂತ್ರ ಎದ್ದು ಕೂತಿತು. ತೀರ್ಮಾನವೂ ಸಿದ್ಧವಾಗಿತ್ತು: ಸೀಸ ತೆಗೆದದ್ದೇ ತಪ್ಪು, ಹೊಸ ಬೆಸುಗೆ ದುರ್ಬಲ, ಸೀಸ ಹಾಕಿದರೆ ಸರಿಹೋಗುತ್ತದೆ. ಕಾಲವೂ ಹೊಂದುತ್ತಿತ್ತು, ಮದ್ದೂ ಫಲಿಸುತ್ತಿತ್ತು.

ಫಲಿಸುತ್ತಿದ್ದದ್ದು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಮತ್ತೆ ಅದೇ ಗಿರಾಕಿ, ಅದೇ ಯಂತ್ರ. ಕೆಳಗಿನ ಗುಂಡುಗಳೇ ಮುರಿದಿದ್ದರೆ, ಅವನ್ನು ಪೂರ್ತಿ ಬದಲಿಸಿದ ಮೇಲೂ ಯಾಕೆ ಕೆಡಬೇಕು? ಇನ್ನೊಂದು ಸಂಗತಿಯನ್ನೂ ಕೆಲವು ಮೆಕಾನಿಕ್ಕುಗಳು ಗಮನಿಸಿದರು. ಯಾವ ಬೆಸುಗೆಯೂ ಕರಗದಷ್ಟು ಕಡಿಮೆ ಶಾಖ ಕೊಟ್ಟರೂ ಚಿಪ್ಪು ಏಳುತ್ತಿತ್ತು. ಏನೂ ಕರಗದಿದ್ದ ಮೇಲೆ ಯಾವ ಬೆಸುಗೆ ಸರಿಹೋಯಿತು?

ಉತ್ತರ ಮೇಲಂತಸ್ತಿನಲ್ಲಿತ್ತು. ಮುರಿದಿದ್ದದ್ದು ಹಲಗೆಯ ಕೆಳಗಿನ ಗುಂಡುಗಳಲ್ಲ, ಬಿಲ್ಲೆಯ ಕೆಳಗಿನ ಉಬ್ಬುಗಳು. ಶಾಖಕ್ಕೆ ಎಲ್ಲವೂ ಹಿಗ್ಗಿ ಬಿರುಕಿನ ಎರಡು ತುಟಿಗಳು ಕೂಡುತ್ತಿದ್ದವು. ಕೆಲವು ದಿನ ಹಚ್ಚಿ ಆರಿಸಿದ ಮೇಲೆ ಮತ್ತೆ ಬಿಡುತ್ತಿದ್ದವು. ರೀಬಾಲಿಂಗ್ ಮಾಡುವಾಗ ಸಿಗುತ್ತಿದ್ದ ಶಾಖವೇ ಯಂತ್ರವನ್ನು ಎಬ್ಬಿಸಿದ್ದು. ಹೊಸ ಗುಂಡುಗಳಿಗೆ ಆ ಕೀರ್ತಿ ಸುಮ್ಮನೆ ಸಂದಿತ್ತು. ಅದಕ್ಕಿಂತ ದೊಡ್ಡ ವ್ಯಂಗ್ಯ ಇನ್ನೊಂದಿದೆ. ಚಿಪ್ಪಿನ ಒಳಗಿನ ಈ ಉಬ್ಬುಗಳಿಗೆ ಯುರೋಪಿನ ಆ ಕಾನೂನಿನಲ್ಲಿ ವಿನಾಯಿತಿ ಇತ್ತು. ಅಂದರೆ ಅಲ್ಲಿ ಸೀಸದ ಬೆಸುಗೆ ಬಳಸುವುದಕ್ಕೆ ಅಡ್ಡಿಯೇ ಇರಲಿಲ್ಲ. ಜಗತ್ತು ಸೀಸವಿಲ್ಲದ ಬೆಸುಗೆಯನ್ನು ಬೈಯುತ್ತಿದ್ದಾಗ, ಆ ಕಾನೂನು ತಲುಪದ ಜಾಗದಲ್ಲಿ ಬಿರುಕು ಬಿಟ್ಟಿತ್ತು. ಎಕ್ಸ್‌ಬಾಕ್ಸ್ ತಯಾರಿಸಿದವರೂ 2021ರಲ್ಲಿ ಬಂದ ತಮ್ಮ ಸಾಕ್ಷ್ಯಚಿತ್ರದಲ್ಲಿ, ಕಾದು ತಣಿಯುವ ಆವರ್ತಕ್ಕೆ ಸಿಕ್ಕಿ ಒಳಗಿನ ಜೋಡಣೆಗಳು ಮುರಿಯುತ್ತಿದ್ದವು ಎಂದು ಹೇಳಿಕೊಂಡರು.

ನಿಜವಾದ ರಿಪೇರಿ ಒಂದೇ ಇತ್ತು: ದೋಷ ತಿದ್ದಿದ ಹೊಸ ಚಿಪ್ಪು ಹಾಕುವುದು. ಉಳಿದದ್ದೆಲ್ಲ ಸ್ವಲ್ಪ ದಿನದ ಉಸಿರು.

ಎನ್‌ವಿಡಿಯಾ ಚಿಪ್ಪಿನ ಈ ಕತೆಗೂ ನನ್ನ ಲ್ಯಾಪ್‌ಟಾಪಿಗೂ ಸಂಬಂಧವಿಲ್ಲ. ನನ್ನದು ಬೇರೆ ಯಂತ್ರ, ಬೇರೆ ಕಾಲ, ಬೇರೆ ಬಿರುಕು. ಸಂಬಂಧವಿರುವುದು ಆ ಹುಡುಗನ ಹೆಬ್ಬೆರಳಿಗೆ. ಒಂದು ಕಾಲದಲ್ಲಿ ರಿಪೇರಿಯವರ ಮೇಜಿಗೆ ಬಂದ ಸತ್ತ ಲ್ಯಾಪ್‌ಟಾಪುಗಳಲ್ಲಿ ನಿಜವಾಗಿಯೂ ಚಿಪ್ಪಿನ ದೋಷ ಹೆಚ್ಚಾಗಿತ್ತು. ಒತ್ತಿ ನೋಡುವುದು, ಕಾಯಿಸುವುದು ಆಗ ಕೈಗೆ ಹತ್ತಿದ ರೂಢಿ. ಅದಕ್ಕಾಗಿ ಸಾಲ ಮಾಡಿ ಕೊಂಡ ಯಂತ್ರಗಳೂ ಇದ್ದವು. ಆ ಚಿಪ್ಪುಗಳು ಹೋದವು, ಕಾಯಿಲೆ ಹೋಯಿತು, ಮದ್ದು ಮಾತ್ರ ಉಳಿಯಿತು. ಶಿಷ್ಯನಿಗೆ ಸಿಕ್ಕಿದ್ದು ಮದ್ದು ಮಾತ್ರ, ಅದು ಯಾವ ಕಾಯಿಲೆಯದು ಎಂಬ ವಿವರ ಸಿಗಲಿಲ್ಲ.

ಸಿಗುವಂತೆ ಮಾಡಿದವರೂ ಯಾರಿಲ್ಲ. 1981ರ ಕೈಪಿಡಿಯಂಥದ್ದು ಇಂದಿನ ಲ್ಯಾಪ್‌ಟಾಪಿನ ಜೊತೆ ಬರುವುದಿಲ್ಲ. ಚಿಪ್ಪಿನ ಮಟ್ಟದ ರಿಪೇರಿ ಮಾಡುವವರು ಎಲ್ಲಿಂದಲೋ ಸೋರಿಬಂದ ನಕ್ಷೆಗಳನ್ನು ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ದಾಟಿಸುತ್ತ ಬದುಕುತ್ತಾರೆ. ಈ ಸ್ಥಿತಿ ಬದಲಿಸಲು ಹೊರಟ ಚಳವಳಿಗೆ ಈಗ ರಿಪೇರಿಯ ಹಕ್ಕು ಎಂಬ ಹೆಸರಿದೆ. ಅಮೆರಿಕದ ಮ್ಯಾಸಚೂಸೆಟ್ಸ್ 2012ರಲ್ಲಿ ವಾಹನಗಳಿಗೆ ಇಂಥ ಕಾನೂನು ಮಾಡಿತು. ಫ್ರಾನ್ಸ್ 2021ರ ಜನವರಿಯಿಂದ ಲ್ಯಾಪ್‌ಟಾಪ್ ಸೇರಿದಂತೆ ಕೆಲವು ವಸ್ತುಗಳ ಮೇಲೆ, ಅವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂಬುದಕ್ಕೆ ಹತ್ತಕ್ಕೆ ಇಷ್ಟು ಅಂಕ ಎಂದು ನಮೂದಿಸಬೇಕೆಂದಿತು. ಯುರೋಪಿಯನ್ ಒಕ್ಕೂಟ 2024ರಲ್ಲಿ ರಿಪೇರಿಯ ಬಗ್ಗೆಯೇ ಒಂದು ನಿರ್ದೇಶನ ತಂದಿತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿ, ಅದೇ ಡಿಸೆಂಬರ್ 24ರಂದು ಒಂದು ಜಾಲತಾಣ ತೆರೆಯಿತು. ಅದು ಕಾನೂನಲ್ಲ, ಕಂಪನಿಗಳು ತಾವಾಗಿ ಮಾಹಿತಿ ಹಾಕಬೇಕಾದ ಜಾಗ.

ಇದರಲ್ಲಿ ಕಳೆದುಕೊಳ್ಳುವುದು ಬರೀ ಮೂರೂವರೆ ಸಾವಿರವಲ್ಲ. ಹುಡುಗನ ಮಾತು ಕೇಳಿ ಹೊಸದು ಕೊಂಡಿದ್ದರೆ, ಒಂದು ಜ್ಯಾಕಿನ ಬಿರುಕಿಗಾಗಿ ಸರಿಯಿದ್ದ ಪರದೆ, ಸರಿಯಿದ್ದ ಚಿಪ್ಪು, ಸರಿಯಿದ್ದ ಡಿಸ್ಕು ಗುಜರಿಗೆ ಹೋಗುತ್ತಿದ್ದವು. ಅದೇ ಬೋರ್ಡಿನಲ್ಲಿ ರೀಬಾಲಿಂಗ್ ಮಾಡುವಾಗ ಹಾಕಿದ ಸೀಸದ ಗುಂಡುಗಳೂ ಇದ್ದವು. ಯಾವ ಮಕ್ಕಳ ಉಸಿರಿಗೆ ಸೀಸ ಹೋಗಬಾರದೆಂದು ಕಾನೂನು ಬಂತೋ ಅವರ ಕಡೆಗೇ ಅದು ಹೋಗುತ್ತಿತ್ತು, ತಪ್ಪು ಪರೀಕ್ಷೆಯೊಂದರ ದಾರಿ ಹಿಡಿದು.

ಎಸ್.ಪಿ. ರೋಡಿನ ಹಿರಿಯರ ಹತ್ತಿರವೂ ನಕ್ಷೆ ಇರಲಿಲ್ಲ. ಅವರಲ್ಲಿದ್ದದ್ದು ಕ್ರಮ. ಮೊದಲು ಗೋಡೆಯ ಪ್ಲಗ್ಗು, ಆಮೇಲೆ ಚಾರ್ಜರು, ಆಮೇಲೆ ಪಿನ್ನು ಕೂರುವ ಜಾಗ. ಅಲ್ಲೂ ಸಿಗದಿದ್ದರೆ ಬ್ಯಾಟರಿ ತೆಗೆದು ನೋಡು, ಹೊರಗಿನ ಮಾನಿಟರಿಗೆ ಜೋಡಿಸಿ ನೋಡು, ರ‍್ಯಾಮ್ ತೆಗೆದು ಹಾಕಿ ನೋಡು. ಬೋರ್ಡಿಗೆ ಶಾಖ ಕೊಡುವುದು ಎಲ್ಲಕ್ಕಿಂತ ಕೊನೆಗೆ. 'ಕಾಯಿಸಿದ ಮೇಲೆ ಮೊದಲೇನಾಗಿತ್ತು ಅಂತ ಗೊತ್ತಾಗಲ್ಲಮ್ಮಾ' ಎಂದು ಅವರು ಹೇಳಿದ್ದರು. ಶಾಖ ಗುರುತುಗಳನ್ನು ಅಳಿಸುತ್ತದೆ ಎಂಬುದು ಅವರ ಮಾತಿನ ಅರ್ಥ.

ಕೆಲವು ತಿಂಗಳ ನಂತರ ಚಾರ್ಜರಿನ ವೈರು ಕೊಳ್ಳಲು ಬಡಾವಣೆಯ ಅಂಗಡಿಗೆ ಹೋದವಳು ಆ ಹುಡುಗನಿಗೆ ಎಲ್ಲ ಹೇಳಿದೆ. ಸಿಟ್ಟಿನಿಂದಲ್ಲ, ಆ ಹೊತ್ತಿಗೆ ಸಿಟ್ಟು ಇಳಿದಿತ್ತು. ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿಸಿಕೊಂಡ. 'ಒತ್ತಿದಾಗ ಬೋರ್ಡ್ ಬಗ್ಗಿ ಹತ್ತಿಕೊಳ್ತಿತ್ತಾ?' ಎಂದು ಎರಡು ಸಲ ಕೇಳಿದ. ಆಮೇಲೆ, 'ಅವರ ಹತ್ರ ಡಯಾಗ್ರಾಮ್ ಇತ್ತಾ ಮೇಡಂ?' ಅಂದ. ಇರಲಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ವೈರಿನ ದುಡ್ಡು ಬೇಡವೆಂದ. ನಾನು ಒಪ್ಪಲಿಲ್ಲ. ಕೊನೆಗೆ ಅರ್ಧಕ್ಕೆ ಇತ್ಯರ್ಥವಾಯಿತು.

ಆ ಲ್ಯಾಪ್‌ಟಾಪ್ ಮುಂದೆ ಐದು ವರ್ಷ ನಡೆಯಿತು.